ಚಾರ್ಟ್ ನೋಡಿ ಚಪ್ಪಾಳೆ ತಟ್ಟುವ ಮುನ್ನ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕರಾವಳಿಯ ಒಂದು ಧರ್ಮಕೇಂದ್ರದ ವಾರ್ಷಿಕ ಮಹಾಸಭೆಗೆ ನಾವು ಹೋಗಿದ್ದೆವು. ಪೂಜೆ ಮುಗಿದು, ಚಹಾ ಮುಗಿದು, ಸಭಾಭವನದ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಪ್ರೊಜೆಕ್ಟರ್ ಹಚ್ಚಿದ್ದರು. ವರದಿಯನ್ನು ಓದುವ ಬದಲು ಚಿತ್ರದಲ್ಲಿ ತೋರಿಸೋಣವೆಂದು ಯುವ ಸಂಘಟನೆಯ ಹುಡುಗನೊಬ್ಬ ಎರಡು ರಾತ್ರಿ ನಿದ್ದೆಗೆಟ್ಟು ಚಾರ್ಟ್‌ಗಳನ್ನು ತಯಾರಿಸಿದ್ದ. ಮೊದಲ ಎರಡಕ್ಕೆ ಚಪ್ಪಾಳೆ ಬಿತ್ತು. ಮೂರನೆಯದು ಕ್ರೈಸ್ತ ಶಿಕ್ಷಣ ತರಗತಿಯ ಮಕ್ಕಳ ಸಂಖ್ಯೆ. ಹಿಂದಿನ ವರ್ಷದ್ದು ಎತ್ತರದ ನೀಲಿ ಕಂಬ, ಈ ವರ್ಷದ್ದು ಅದರ ಕಾಲು ಭಾಗದಷ್ಟಿರುವ ಕೆಂಪು ಕಂಬ.

ಸಭೆಯಲ್ಲಿ ಗುಸುಗುಸು ಆರಂಭವಾಯಿತು. ಮಕ್ಕಳು ಎಲ್ಲಿ ಹೋದರು? ಕಲಿಸುವವರು ಏನು ಮಾಡುತ್ತಿದ್ದಾರೆ? ಮುಂದಿನ ಸಾಲಿನಲ್ಲಿದ್ದ ಮುಖ್ಯ ಶಿಕ್ಷಕಿಯ ಮುಖ ಸಣ್ಣದಾಯಿತು. ಹನ್ನೆರಡು ವರ್ಷ ಒಂದು ರೂಪಾಯಿ ಪಡೆಯದೆ ಕಲಿಸಿದವರು ಅವರು. ಆಗ ಹಿಂದಿನಿಂದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಎದ್ದು, "ಮಾರಾಯ, ನಿನ್ನ ಕಂಬದ ಬುಡ ಎಲ್ಲಿದೆ?" ಎಂದು ಕೇಳಿದರು.

ಹುಡುಗನಿಗೆ ಅರ್ಥವಾಗಲಿಲ್ಲ. ಅವರೇ ಮುಂದೆ ಬಂದು ತೋರಿಸಿದರು. ಧರ್ಮಕೇಂದ್ರದ ಗುರುತು ಸಿಗಬಾರದೆಂದು ಸಂಖ್ಯೆಗಳನ್ನು ಸ್ವಲ್ಪ ಬದಲಿಸಿ ಹೇಳುತ್ತೇವೆ: ಹಿಂದಿನ ವರ್ಷ 412 ಮಕ್ಕಳು, ಈ ವರ್ಷ 396. ಕಡಿಮೆಯಾದವರು 16 ಮಂದಿ, ಅಂದರೆ ನೂರಕ್ಕೆ ನಾಲ್ಕೂ ಇಲ್ಲ. ಆದರೆ ಕಂಬಗಳು ಸೊನ್ನೆಯಿಂದ ಅಲ್ಲ, 390ರಿಂದ ಎದ್ದಿದ್ದವು. ಹಾಗಾಗಿ ಒಂದರ ಎತ್ತರ 22, ಇನ್ನೊಂದರದ್ದು 6. ಸಭೆ ಗೊಳ್ಳೆಂದು ನಕ್ಕಿತು. ಶಿಕ್ಷಕಿಯ ಮಾನ ಉಳಿಯಿತು, ಹುಡುಗನ ಮಾನ ಹೋಯಿತು. ನಕ್ಕವರಲ್ಲಿ ನಾವೂ ಇದ್ದೆವು ಎಂಬುದನ್ನು ಮುಚ್ಚಿಡುವುದಿಲ್ಲ.

ಮರು ವರ್ಷದ ವರದಿಯಲ್ಲಿ ಒಂದು ಚಾರ್ಟ್ ಕೂಡ ಇರಲಿಲ್ಲ. ಒತ್ತೊತ್ತಾಗಿ ಟೈಪ್ ಮಾಡಿದ ಎಂಟು ಪುಟಗಳ ಸಂಖ್ಯೆಗಳನ್ನು ಯಾರೂ ಓದಲಿಲ್ಲ, ಯಾರೂ ಏನೂ ಕೇಳಲಿಲ್ಲ.

ಇಂದು ಕಂಪ್ಯೂಟರ್ ಇದ್ದವರೆಲ್ಲ, ಮೊಬೈಲ್ ಇದ್ದವರೂ ಸಹ, ಐದು ನಿಮಿಷದಲ್ಲಿ ಚಾರ್ಟ್ ಬರೆಯಬಲ್ಲರು. ವಾಳೆಯ ಸಮೀಕ್ಷೆ, ಸಹಕಾರಿ ಸಂಘದ ಲೆಕ್ಕ, ಶಾಲೆಯ ಫಲಿತಾಂಶ, ವಾಟ್ಸಾಪ್‌ನಲ್ಲಿ ಹರಿದಾಡುವ ಜನಸಂಖ್ಯೆಯ ಭೂಪಟ, ಎಲ್ಲವೂ ಈಗ ಬಣ್ಣದ ಚಿತ್ರಗಳೇ. ಬರೆಯುವವರಲ್ಲಿ ಹೆಚ್ಚಿನವರು ಇದನ್ನು ಕಲಿತವರಲ್ಲ, ನೋಡುವವರೂ ಅಲ್ಲ. ಹೀಗಿರುವಾಗ ಚಾರ್ಟನ್ನು ವಿಮರ್ಶಿಸುವುದು ಹೇಗೆ ಎಂಬುದು ನಮಗೆಲ್ಲ ಸಂಬಂಧಿಸಿದ ವಿಷಯವೇ ಆಗಿದೆ.

ಕಂಬ ಮತ್ತು ಗೆರೆ

ಮೊದಲು ಆ ಹುಡುಗನ ಪರವಾಗಿ ಒಂದು ಮಾತು. ಆತ ಮೋಸ ಮಾಡಿರಲಿಲ್ಲ. ಎಕ್ಸೆಲ್‌ನಂತಹ ತಂತ್ರಾಂಶದಲ್ಲಿ ಸಂಖ್ಯೆಗಳು ಒಂದಕ್ಕೊಂದು ತೀರಾ ಹತ್ತಿರವಿದ್ದರೆ ಅದು ತಾನಾಗಿಯೇ ಸೊನ್ನೆಯನ್ನು ಬಿಟ್ಟು ಮೇಲಿನ ಸಂಖ್ಯೆಯೊಂದರಿಂದ ಅಳತೆಯನ್ನು ಆರಂಭಿಸುತ್ತದೆ. ಅಂತರ ಕಣ್ಣಿಗೆ ಕಾಣಲಿ ಎಂಬುದು ಅದರ ಉದ್ದೇಶ. ಬರೆದವನು ಎಡಬದಿಯ ಸಣ್ಣ ಅಂಕೆಗಳನ್ನು ನೋಡದಿದ್ದರೆ ಏನಾಯಿತೆಂದು ಅವನಿಗೇ ತಿಳಿಯುವುದಿಲ್ಲ.

ಬಾರ್ ಚಾರ್ಟ್‌ನಲ್ಲಿ ನಾವು ಅಂಕೆಯನ್ನು ಓದುವುದಿಲ್ಲ, ಕಂಬದ ಉದ್ದವನ್ನು ಓದುತ್ತೇವೆ. ಎರಡು ಪಟ್ಟು ಉದ್ದ ಕಂಡರೆ ಎರಡು ಪಟ್ಟು ಹೆಚ್ಚು ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಬುಡ ಕತ್ತರಿಸಿದ ಕಂಬ ಆದ್ದರಿಂದಲೇ ಸುಳ್ಳು ಹೇಳುತ್ತದೆ. ಅಮೆರಿಕದ ಎಡ್ವರ್ಡ್ ಟಫ್ಟಿ 1983ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಅಳೆಯಲು ಒಂದು ಲೆಕ್ಕ ಕೊಟ್ಟಿದ್ದಾರೆ. ಚಿತ್ರದಲ್ಲಿ ಕಾಣುವ ಬದಲಾವಣೆಯನ್ನು ಸಂಖ್ಯೆಯಲ್ಲಿ ಇರುವ ಬದಲಾವಣೆಯಿಂದ ಭಾಗಿಸಬೇಕು. ಉತ್ತರ ಒಂದರ ಆಸುಪಾಸಿನಲ್ಲಿದ್ದರೆ ಚಿತ್ರ ಪ್ರಾಮಾಣಿಕ. ನಮ್ಮ ಹುಡುಗನ ಚಾರ್ಟ್‌ನಲ್ಲಿ ಕಂಡ ಇಳಿಕೆ ನೂರಕ್ಕೆ ಸುಮಾರು 73, ನಿಜವಾದ ಇಳಿಕೆ ನೂರಕ್ಕೆ 4ರ ಒಳಗೆ. ಭಾಗಿಸಿದರೆ 19ರ ಹತ್ತಿರ ಬರುತ್ತದೆ.

ಹಾಗೆಂದು ಎಲ್ಲ ಚಾರ್ಟ್‌ಗಳೂ ಸೊನ್ನೆಯಿಂದಲೇ ಆರಂಭವಾಗಬೇಕೆಂದು ಹಟ ಹಿಡಿಯುವುದು ಇನ್ನೊಂದು ತಪ್ಪು. ಅರ್ಧ ತಿಳಿದ ವಿಮರ್ಶಕರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಜ್ವರದ ರೋಗಿಯ ಹಾಸಿಗೆಯ ಬಳಿ ತೂಗುಹಾಕುವ ಗ್ರಾಫ್ ನೆನಪಿಸಿಕೊಳ್ಳಿ. 98.6 ಡಿಗ್ರಿ ಇದ್ದ ಜ್ವರ 103ಕ್ಕೆ ಏರಿದರೆ ಮನೆಯವರ ನಿದ್ದೆ ಹಾರಿಹೋಗುತ್ತದೆ. ಅದನ್ನೇ ಸೊನ್ನೆಯಿಂದ ಆರಂಭಿಸಿ ಬರೆದರೆ ಗೆರೆ ನೆಟ್ಟಗೆ ಮಲಗಿರುತ್ತದೆ, ರೋಗಿ ಆರಾಮವಾಗಿದ್ದಾನೆ ಎಂಬಂತೆ. ಗೆರೆಯ ಗ್ರಾಫ್‌ನಲ್ಲಿ ಕಣ್ಣು ಓದುವುದು ಉದ್ದವನ್ನಲ್ಲ, ಏರಿಳಿತವನ್ನು. ಆದ್ದರಿಂದ ಅಲ್ಲಿ ಸೊನ್ನೆ ಕಡ್ಡಾಯವಲ್ಲ, ಅಳತೆ ಎಲ್ಲಿಂದ ಆರಂಭವಾಗಿದೆ ಎಂಬುದು ಸ್ಪಷ್ಟವಾಗಿ ಕಾಣಬೇಕು, ಅಷ್ಟೇ.

ಕಂಬ, ಗೆರೆ ಎರಡನ್ನೂ ಅಂಕಿಅಂಶಕ್ಕೆ ಬಳಸಿ ಜನಪ್ರಿಯಗೊಳಿಸಿದವರು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ಅವರ ಪುಸ್ತಕ 1786ರಲ್ಲಿ ಬಂತು. 1801ರಲ್ಲಿ ಅವರೇ ಪೈ ಚಾರ್ಟನ್ನೂ ಕೊಟ್ಟರು. ಪೈ ಚಾರ್ಟ್ ಎಂದರೆ ಒಂದು ಇಡೀ ರೊಟ್ಟಿಯನ್ನು ತುಂಡು ಮಾಡಿದಂತೆ; ಎಲ್ಲ ತುಂಡು ಸೇರಿದರೆ ನೂರು ಆಗಲೇಬೇಕು. ಇಷ್ಟು ಸರಳ ನಿಯಮವನ್ನು 2009ರಲ್ಲಿ ಅಮೆರಿಕದ ಟಿವಿ ವಾಹಿನಿಯೊಂದು ಮರೆತುಬಿಟ್ಟಿತು. ಮೂವರು ರಾಜಕಾರಣಿಗಳಿಗೆ ಇರುವ ಬೆಂಬಲವನ್ನು 70, 63, 60 ಎಂದು ಮೂರು ತುಂಡುಗಳಲ್ಲಿ ತೋರಿಸಿತು. ಕೂಡಿಸಿದರೆ 193! ಜನರು ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಮೆಚ್ಚಿರಬಹುದು, ಆದರೆ ಅಂತಹ ಉತ್ತರಕ್ಕೆ ರೊಟ್ಟಿಯ ಚಿತ್ರ ಹೊಂದುವುದಿಲ್ಲ. ಸಂಬಳ ಪಡೆಯುವವರೇ ಹೀಗೆ ಮಾಡುವಾಗ ನಮ್ಮ ಹುಡುಗನನ್ನು ನೋಡಿ ನಗಲು ನಮಗೇನು ಹಕ್ಕಿತ್ತು?

ಪೈ ಚಾರ್ಟ್‌ನ ಬಗ್ಗೆ ಇನ್ನೊಂದು ಮಾತಿದೆ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಚೆನ್ನಾಗಿ ಹೋಲಿಸುತ್ತದೆ. ಕೋನವನ್ನು ಹೋಲಿಸುವುದರಲ್ಲಿ ಹಿಂದೆ ಬೀಳುತ್ತದೆ, ವಿಸ್ತೀರ್ಣದಲ್ಲಿ ಇನ್ನೂ ಹಿಂದೆ. ಹಾಗಾಗಿ ಐದಾರು ತುಂಡುಗಳ ಪೈಗಿಂತ ಸಾದಾ ಕಂಬಗಳೇ ವಾಸಿ. ಪೈಯನ್ನು ಓರೆಯಾಗಿ ಮಲಗಿಸಿ ದಪ್ಪ ಅಂಚು ಕೊಟ್ಟರಂತೂ ಮುಂದಿನ ತುಂಡು ಉಬ್ಬಿ, ಹಿಂದಿನ ತುಂಡು ಕುಗ್ಗಿ ಕಾಣುತ್ತದೆ. ನೋಡಲು ಅಂದ ಎಂದು ಹೀಗೆ ಮಾಡುವವರು ಈಗಲೂ ಇದ್ದಾರೆ.

ಚಿತ್ರದ ಆಕೃತಿಗಳೂ ಇದೇ ರೀತಿ ಮೋಸ ಮಾಡುತ್ತವೆ. ಮೀನಿನ ಹಿಡುವಳಿ ದುಪ್ಪಟ್ಟಾಯಿತು ಎಂದು ತೋರಿಸಲು ಒಂದು ಬಂಗುಡೆಯ ಪಕ್ಕದಲ್ಲಿ ಎರಡು ಪಟ್ಟು ಉದ್ದದ ಬಂಗುಡೆ ಬರೆದರೆ, ಅದರ ಅಗಲವೂ ಎರಡು ಪಟ್ಟಾಗಿ, ಕಾಗದದ ಮೇಲೆ ನಾಲ್ಕು ಪಟ್ಟು ಜಾಗ ಹಿಡಿಯುತ್ತದೆ. ಡ್ಯಾರೆಲ್ ಹಫ್ 1954ರಲ್ಲೇ ತಮ್ಮ ಪುಸ್ತಕದಲ್ಲಿ ಈ ಬಗ್ಗೆ ಎಚ್ಚರಿಸಿದ್ದರು. ಮೀನು ಮಾರುವವರು ಇಂತಹ ಚಿತ್ರ ಕಂಡರೆ ನಮಗಿಂತ ಬೇಗ ತಪ್ಪು ಹಿಡಿಯುತ್ತಾರೆ. ಉದ್ದ ಎರಡು ಪಟ್ಟಾದ ಮೀನಿನ ತೂಕ ಎರಡೇ ಪಟ್ಟು ಇರುವುದಿಲ್ಲ ಎಂದು ಅವರಿಗೆ ಗೊತ್ತು.

ಎಷ್ಟರಲ್ಲಿ ಎಷ್ಟು?

2020ರಲ್ಲಿ ಕೋವಿಡ್ ಬಂದಾಗ ಇಡೀ ಜಗತ್ತೇ ಚಾರ್ಟ್ ಓದಲು ಕುಳಿತಿತು. ಆ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಆರೋಗ್ಯ ಇಲಾಖೆ ಹೆಚ್ಚು ಸೋಂಕಿರುವ ಐದು ಕೌಂಟಿಗಳ ಬಾರ್ ಚಾರ್ಟ್ ಪ್ರಕಟಿಸಿತು. ಎಡದಿಂದ ಬಲಕ್ಕೆ ಕಂಬಗಳು ಮೆಟ್ಟಿಲಿನಂತೆ ಇಳಿಯುತ್ತಿದ್ದವು, ಸೋಂಕು ಇಳಿಮುಖವಾಗಿದೆ ಎಂಬಂತೆ. ಕೆಳಗಿನ ದಿನಾಂಕಗಳನ್ನು ಓದಿದವರಿಗೆ ಅಚ್ಚರಿ ಕಾದಿತ್ತು. ಅವು ಕಾಲಾನುಕ್ರಮದಲ್ಲಿ ಇರಲಿಲ್ಲ. ಮೇ ತಿಂಗಳ ದಿನದ ಬಲಕ್ಕೆ ಏಪ್ರಿಲ್ ತಿಂಗಳ ದಿನ ಬಂದಿತ್ತು. ಎತ್ತರದ ಕಂಬ ಮೊದಲು, ಗಿಡ್ಡದ್ದು ಆಮೇಲೆ ಎಂದು ಜೋಡಿಸಲಾಗಿತ್ತು. ಸಾಮಾನ್ಯ ಜನರು ಗಮನಿಸಿ ಆಕ್ಷೇಪಿಸಿದ ಬಳಿಕ ಚಾರ್ಟನ್ನು ಸರಿಪಡಿಸಿದರು, ಕ್ಷಮೆಯನ್ನೂ ಕೇಳಿದರು. ಅಂಗಡಿ ತೆರೆಯಬೇಕೇ, ಮನೆಯಲ್ಲೇ ಇರಬೇಕೇ ಎಂದು ಜನ ತೀರ್ಮಾನಿಸುತ್ತಿದ್ದ ದಿನಗಳವು.

ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ 'ಕೋವಿಡ್19ಇಂಡಿಯಾ' ಎಂಬ ಹೆಸರಿನಲ್ಲಿ ಸ್ವಯಂಸೇವಕರು ರಾಜ್ಯ, ಜಿಲ್ಲೆಗಳ ಸಂಖ್ಯೆಗಳನ್ನು ಕಲೆಹಾಕಿ ಪ್ರತಿದಿನ ಗ್ರಾಫ್‌ಗಳಲ್ಲಿ ತೋರಿಸುತ್ತಿದ್ದರು. 2021ರ ಅಕ್ಟೋಬರ್ 31ರಂದು ಆ ಸೇವೆಯನ್ನು ನಿಲ್ಲಿಸಿದರು. ಪತ್ರಿಕೆಗಳೂ ಸಂಶೋಧಕರೂ ಅವರ ಅಂಕಿಅಂಶಗಳನ್ನು ನೆಚ್ಚಿಕೊಂಡಿದ್ದರು. ಹವ್ಯಾಸಿಗಳ ಕೆಲಸ ಎಂದರೆ ಕಳಪೆ ಎಂದು ಭಾವಿಸುವವರು ಇದನ್ನು ನೆನಪಿನಲ್ಲಿಡಬೇಕು.

ಬಣ್ಣದ ಭೂಪಟಗಳ ವಿಷಯಕ್ಕೆ ಬಂದರೆ, ಕರ್ನಾಟಕದ ಜಿಲ್ಲಾವಾರು ಭೂಪಟದಲ್ಲಿ ಏನನ್ನೇ ಎಣಿಸಿ, ಬೆಂಗಳೂರು ನಗರ ಜಿಲ್ಲೆಯೇ ಗಾಢವಾಗಿ ಕಾಣುತ್ತದೆ. ಅಪಘಾತವಿರಲಿ, ಮೋಟಾರು ಸೈಕಲ್ ಇರಲಿ, ಕನ್ನಡಕ ಹಾಕಿದವರಿರಲಿ. ಕಾರಣ ಸರಳ. 2011ರ ಜನಗಣತಿಯಂತೆ ಅಲ್ಲಿ ಸುಮಾರು 96 ಲಕ್ಷ ಜನ, ದಕ್ಷಿಣ ಕನ್ನಡದಲ್ಲಿ ಸುಮಾರು 21 ಲಕ್ಷ, ಉಡುಪಿಯಲ್ಲಿ 12 ಲಕ್ಷದ ಹತ್ತಿರ, ಕೊಡಗಿನಲ್ಲಿ ಐದೂವರೆ ಲಕ್ಷ. ಒಟ್ಟು ಸಂಖ್ಯೆಯ ಭೂಪಟವು ಹೆಚ್ಚಿನ ಸಲ ಜನಸಂಖ್ಯೆಯ ಭೂಪಟವೇ ಆಗಿರುತ್ತದೆ, ಹೆಸರು ಮಾತ್ರ ಬೇರೆ. ಲಕ್ಷ ಜನರಲ್ಲಿ ಎಷ್ಟು ಎಂದು ಲೆಕ್ಕ ಹಾಕಿದರೆ ಬಣ್ಣಗಳೆಲ್ಲ ಅದಲು ಬದಲಾಗುವುದುಂಟು. ನಮ್ಮ ವಾಳೆಗಳ ವಂತಿಗೆಯ ಪಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ಎಂಬತ್ತು ಮನೆಗಳ ವಾಳೆಯನ್ನು ಇಪ್ಪತ್ತೈದು ಮನೆಗಳ ವಾಳೆಯ ಪಕ್ಕದಲ್ಲಿ ನಿಲ್ಲಿಸಿ ಯಾರು ಹೆಚ್ಚು ಕೊಟ್ಟರು ಎಂದು ಕೇಳುವುದು ನ್ಯಾಯವಲ್ಲ.

ವೈದ್ಯರ ಭೂಪಟ, ಗುರುಗಳ ಆಕ್ಷೇಪ

ಚಾರ್ಟನ್ನು ವಿಮರ್ಶಿಸಿದ ಕಥೆಗಳಲ್ಲಿ ನಮಗೆ ಬಹಳ ಇಷ್ಟವಾದುದು 1854ರ ಲಂಡನ್ನಿನದ್ದು. ಆಗಸ್ಟ್ ತಿಂಗಳ ಕೊನೆಯಲ್ಲಿ ಸೋಹೊ ಎಂಬ ಕಿಕ್ಕಿರಿದ ಬಡಾವಣೆಗೆ ಕಾಲರಾ ಬಡಿಯಿತು. ಕೆಲವೇ ವಾರಗಳಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದ ಕಾಲವದು. ಜಾನ್ ಸ್ನೋ ಎಂಬ ವೈದ್ಯರು ಮಾತ್ರ ನೀರಿನಿಂದ ಬರುತ್ತದೆ ಎಂದು 1849ರಿಂದಲೇ ವಾದಿಸುತ್ತಿದ್ದರು. ಅವರ ಮುಖ್ಯ ವೃತ್ತಿ ರೋಗಿಗಳಿಗೆ ಅರಿವಳಿಕೆ ಕೊಡುವುದು. ವಿಕ್ಟೋರಿಯಾ ರಾಣಿಯ ಹೆರಿಗೆಯ ವೇಳೆ ಕ್ಲೋರೋಫಾರಂ ಕೊಟ್ಟವರೂ ಅವರೇ. ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಕಾರಣವೆಂದು ಅವರು ಅಲ್ಲಿನ ಆಡಳಿತಕ್ಕೆ ವಿವರಿಸಿದ ಮೇಲೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆದುಹಾಕಲಾಯಿತು.

ಬಳಿಕ ಸ್ನೋ ಒಂದು ಭೂಪಟ ಪ್ರಕಟಿಸಿದರು. ಸಾವು ಸಂಭವಿಸಿದ ಪ್ರತಿ ಮನೆಯ ಮುಂದೆ, ಸತ್ತವರೊಬ್ಬರಿಗೆ ಒಂದರಂತೆ ಕಪ್ಪು ಪಟ್ಟಿ. ಪಟ್ಟಿಗಳು ಪಂಪಿನ ಸುತ್ತ ರಾಶಿ ಬಿದ್ದಿವೆ. ಭೂಪಟ ನೋಡಿಯೇ ಸ್ನೋ ರೋಗದ ಮೂಲ ಕಂಡುಹಿಡಿದರು ಎಂದು ಹಲವೆಡೆ ಬರೆಯುತ್ತಾರೆ. ಅದು ಸರಿಯಲ್ಲ. ಭೂಪಟ ಬಂದದ್ದು ಆಮೇಲೆ, ಇತರರಿಗೆ ಅರ್ಥ ಮಾಡಿಸಲು.

ಈ ವಾದವನ್ನು ಒಪ್ಪದವರಲ್ಲಿ ಅದೇ ಬಡಾವಣೆಯ ಸಂತ ಲೂಕರ ಆಂಗ್ಲಿಕನ್ ದೇವಾಲಯದ ಸಹಾಯಕ ಗುರುಗಳಾದ ಹೆನ್ರಿ ವೈಟ್‌ಹೆಡ್ ಒಬ್ಬರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಸಾಯುತ್ತಿದ್ದವರ ಮನೆಮನೆಗೆ ಹಗಲು ರಾತ್ರಿ ನಡೆದವರು ಅವರು. ಆ ಪಂಪಿನ ನೀರನ್ನು ಧಾರಾಳವಾಗಿ ಕುಡಿದೂ ಗುಣವಾದವರನ್ನು ಅವರು ಕಣ್ಣಾರೆ ಕಂಡಿದ್ದರು. ಸತ್ತವರ ಪಟ್ಟಿಗಳನ್ನು ಮಾತ್ರ ಬರೆದರೆ ಸಾಕೇ, ನೀರು ಕುಡಿದು ಬದುಕಿದವರೆಷ್ಟು, ಕುಡಿಯದೆ ಸತ್ತವರೆಷ್ಟು ಎಂದು ಲೆಕ್ಕ ಬೇಡವೇ? ಆಕ್ಷೇಪ ನ್ಯಾಯವಾದುದೇ. ಪಂಪಿನ ಸುತ್ತ ಹೆಚ್ಚು ಸಾವು ಕಂಡದ್ದು ಅಲ್ಲಿ ಹೆಚ್ಚು ಜನ ವಾಸವಿದ್ದುದರಿಂದಲೂ ಇರಬಹುದಲ್ಲ. ನಮ್ಮ ಬೆಂಗಳೂರಿನ ಗಾಢ ಬಣ್ಣದ ಪ್ರಶ್ನೆಯೇ ಇದು.

ವೈಟ್‌ಹೆಡ್ ಆಕ್ಷೇಪಿಸಿ ಸುಮ್ಮನೆ ಕೂರಲಿಲ್ಲ. ಕಾಲರಾದ ಕಾರಣ ತಿಳಿಯಲು ಅಲ್ಲಿನ ಪ್ಯಾರಿಷ್ ನೇಮಿಸಿದ ಸಮಿತಿಯಲ್ಲಿ ಸ್ನೋ ಜೊತೆ ಅವರೂ ಸೇರಿದರು. ಬ್ರಾಡ್ ಸ್ಟ್ರೀಟಿನ ಮನೆಮನೆಗೆ ಮತ್ತೆ ನಡೆದು, ಕೆಲವು ಮನೆಗಳಿಗೆ ನಾಲ್ಕೈದು ಬಾರಿ ಹೋಗಿ, ಯಾರು ಯಾವ ನೀರು ಕುಡಿದರೆಂದು ಕೇಳಿ ಬರೆದುಕೊಂಡರು. ಆ ಪಂಪಿನ ನೀರು ಕುಡಿದ 137 ಮಂದಿಯಲ್ಲಿ 80 ಮಂದಿಗೆ ಕಾಲರಾ ತಗಲಿತ್ತು. ಕುಡಿಯದ 297 ಮಂದಿಯಲ್ಲಿ 20 ಮಂದಿಗೆ ಮಾತ್ರ. ಸ್ನೋ ತಪ್ಪು ಎಂದು ತೋರಿಸಲು ಹೊರಟ ಗುರುಗಳು ಸ್ನೋ ಬಳಿಯೂ ಇಲ್ಲದಿದ್ದ ಪುರಾವೆಯನ್ನು ತಂದುಕೊಟ್ಟರು!

ಅಷ್ಟಕ್ಕೇ ಮುಗಿಯಲಿಲ್ಲ. ಸಾವಿನ ದಾಖಲೆಗಳನ್ನು ತಿರುವಿ ಹಾಕುವಾಗ ಬ್ರಾಡ್ ಸ್ಟ್ರೀಟಿನ 40ನೇ ನಂಬ್ರದ ಮನೆಯ ಐದು ತಿಂಗಳ ಕೂಸೊಂದು ಸೆಪ್ಟೆಂಬರ್ 2ರಂದು ಸತ್ತದ್ದು ಅವರ ಕಣ್ಣಿಗೆ ಬಿತ್ತು. ಕೂಸಿಗೆ ಬೇಧಿ ಆರಂಭವಾದದ್ದು ಉಳಿದವರು ಕಾಯಿಲೆ ಬೀಳುವುದಕ್ಕಿಂತ ಮೊದಲು. ತಾಯಿಯನ್ನು ಕೇಳಿದಾಗ, ಕೂಸಿನ ಬಟ್ಟೆಗಳನ್ನು ತೊಳೆದ ನೀರನ್ನು ಮನೆಯ ಮುಂದಿನ ಶೌಚಗುಂಡಿಗೂ ಚೆಲ್ಲಿದ್ದಾಗಿ ಹೇಳಿದಳು. ಅಗೆದು ನೋಡಿದರೆ ಗುಂಡಿಯ ಇಟ್ಟಿಗೆಗಳು ಕೊಳೆತಿದ್ದವು. ಅಲ್ಲಿಂದ ಪಂಪಿನ ಬಾವಿಗೆ ಮೂರು ಅಡಿಯೂ ಅಂತರವಿರಲಿಲ್ಲ. ಬಾವಿಗೂ ಶೌಚಗುಂಡಿಗೂ ಎಷ್ಟು ದೂರವಿರಬೇಕೆಂದು ಮನೆ ಕಟ್ಟಿಸುವಾಗ ತಲೆ ಕೆಡಿಸಿಕೊಳ್ಳುವ ನಮ್ಮ ಊರಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಕೂಸಿನ ತಂದೆ ಕಾಲರಾದಿಂದ ಮಲಗಿದ್ದು ಸೆಪ್ಟೆಂಬರ್ 8ರಂದು, ಪಂಪಿನ ಹಿಡಿ ತೆಗೆದ ದಿನವೇ. ಹಿಡಿ ಹಾಗೆಯೇ ಇದ್ದಿದ್ದರೆ ಅದೇ ಮನೆಯಿಂದ ಅದೇ ಬಾವಿಗೆ ಎರಡನೆಯ ಬಾರಿ ರೋಗ ಇಳಿಯುತ್ತಿತ್ತೇನೋ.

ಸ್ನೋ 1858ರಲ್ಲಿ ತೀರಿಕೊಂಡರು. ಅವರ ಭಾವಚಿತ್ರವನ್ನು ವೈಟ್‌ಹೆಡ್ ತಮ್ಮ ಓದುವ ಕೋಣೆಯಲ್ಲಿ ಇಟ್ಟುಕೊಂಡಿದ್ದರು.

ಮತ್ತೆ ಸಭಾಭವನಕ್ಕೆ

ನಮ್ಮ ಧರ್ಮಕೇಂದ್ರದ ಸಭೆಯಲ್ಲಿ ಕೇಳಿದ ಪ್ರಶ್ನೆ ಸರಿಯಾದುದೇ ಆಗಿತ್ತು. ಅದನ್ನು ಕೇಳದಿದ್ದರೆ ಒಬ್ಬ ಒಳ್ಳೆಯ ಶಿಕ್ಷಕಿಯನ್ನು ಕಳೆದುಕೊಳ್ಳುತ್ತಿದ್ದೆವು. ಕೊರತೆಯಾದದ್ದು ಆಮೇಲೆ. ತಪ್ಪು ತೋರಿಸಿದವರು ಹುಡುಗನ ಪಕ್ಕದಲ್ಲಿ ಕುಳಿತು ಸರಿಪಡಿಸಲಿಲ್ಲ, ನಾವು ನಕ್ಕು ಮನೆಗೆ ಹೋದೆವು. ಮತ್ತೊಂದು ಪ್ರಶ್ನೆಯನ್ನಂತೂ ಯಾರೂ ಕೇಳಲೇ ಇಲ್ಲ. 412 ಮತ್ತು 396, ಸರಿ, ಆದರೆ ಎಷ್ಟರಲ್ಲಿ? ಧರ್ಮಕೇಂದ್ರದಲ್ಲಿ ಆ ವಯಸ್ಸಿನ ಮಕ್ಕಳು ಎಷ್ಟಿದ್ದರು? ಮಕ್ಕಳೇ ಕಡಿಮೆ ಹುಟ್ಟಿದ್ದರೆ, ಕುಟುಂಬಗಳು ಮುಂಬೈಗೋ ಗಲ್ಫ್‌ಗೋ ಹೋಗಿದ್ದರೆ, ತರಗತಿಯಲ್ಲಿ ಸಂಖ್ಯೆ ಇಳಿದುದಕ್ಕೆ ಶಿಕ್ಷಕಿ ಏನು ಮಾಡಲು ಸಾಧ್ಯ?

ಚಾರ್ಟ್ ಮಾಡುವ ಯುವಕ ಯುವತಿಯರಲ್ಲಿ ನಮ್ಮದೊಂದು ಕೋರಿಕೆ. ಮೂಲ ಸಂಖ್ಯೆಗಳನ್ನು ಚಿತ್ರದ ಕೆಳಗೇ ಬರೆಯಿರಿ, ಎಲ್ಲಿಂದ ತೆಗೆದುಕೊಂಡಿರಿ ಎಂಬುದನ್ನೂ ಬರೆಯಿರಿ. ಸಭೆಗೆ ಮುನ್ನ, ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, "ಇದರಲ್ಲಿ ಏನು ಕಾಣುತ್ತದೆ?" ಎಂದು ಮಾತ್ರ ಕೇಳಿ, ನೀವೇ ವಿವರಿಸಬೇಡಿ. ಅವರು ಹೇಳಿದ್ದು ನೀವು ಹೇಳಬಯಸಿದ್ದಕ್ಕಿಂತ ಬೇರೆಯಾದರೆ ತಪ್ಪು ಅವರದ್ದಲ್ಲ. ಇನ್ನು ವಿಮರ್ಶೆ ಮಾಡುವ ಹಿರಿಯರು ಬಣ್ಣ ಚೆನ್ನಾಗಿಲ್ಲ, ಅಕ್ಷರ ಸಣ್ಣದಾಯಿತು ಎಂಬಲ್ಲಿಂದ ಆರಂಭಿಸದೆ, ಈ ಚಿತ್ರ ನಂಬಿ ಜನ ಏನು ತೀರ್ಮಾನಿಸುತ್ತಾರೆ ಎಂದು ಮೊದಲು ಯೋಚಿಸಿದರೆ ಒಳ್ಳೆಯದು. ಸಾಧ್ಯವಿದ್ದರೆ ಸಭೆಯ ಮೊದಲೇ ನೋಡಿಕೊಡಿ.

ಆ ಧರ್ಮಕೇಂದ್ರದಲ್ಲಿ ಮೂರನೆಯ ವರ್ಷ ಧರ್ಮಗುರುಗಳು ಹುಡುಗನನ್ನೂ ಬ್ಯಾಂಕಿನವರನ್ನೂ ಕಚೇರಿಗೆ ಕರೆದು ಒಂದೇ ಮೇಜಿನಲ್ಲಿ ಕೂರಿಸಿದರು. ಜ್ಞಾನಸ್ನಾನದ ಪುಸ್ತಕ ತೆಗೆದು ಇಬ್ಬರೂ ವರ್ಷವಾರು ಎಣಿಸಿದರು. ಆ ಸಲದ ಮಹಾಸಭೆಯಲ್ಲಿ ಕಂಬಗಳು ಸೊನ್ನೆಯಿಂದ ಎದ್ದಿದ್ದವು. ಪ್ರತಿ ಕಂಬದ ಪಕ್ಕದಲ್ಲಿ ಇನ್ನೊಂದು ಕಂಬ, ಧರ್ಮಕೇಂದ್ರದಲ್ಲಿ ಆ ವಯಸ್ಸಿನ ಮಕ್ಕಳು ಒಟ್ಟು ಎಷ್ಟೆಂದು. ಎರಡೂ ಒಂದಕ್ಕೊಂದು ತಾಗಿಕೊಂಡೇ ಇಳಿಯುತ್ತಿದ್ದವು. ಚಪ್ಪಾಳೆ ಬೀಳುವ ಮೊದಲೇ ಬ್ಯಾಂಕಿನವರು ಎದ್ದು ನಿಂತರು. ಎಲ್ಲರೂ ಹಿಂದಿರುಗಿ ನೋಡಿದರು.

"ಊರು ಬಿಟ್ಟುಹೋದ ಕುಟುಂಬಗಳ ಮಕ್ಕಳನ್ನು ಕಳೆದು ಎಣಿಸಿದ್ದೇವೆ. ವಾಳೆಯ ಗುರಿಕಾರರು ಯಾರಾದರೂ ಹೆಸರು ಬಿಟ್ಟುಹೋಗಿದೆ ಎಂದರೆ ಈಗಲೇ ಹೇಳಿ," ಎಂದರು. ಮೂರನೇ ವಾಳೆಯ ಗುರಿಕಾರರು ಕೈ ಎತ್ತಿದರು. ಎರಡು ಮಕ್ಕಳು ಬಿಟ್ಟುಹೋಗಿದ್ದರು. ಹುಡುಗ ಪೆನ್ನು ತೆಗೆದು ಬರೆದುಕೊಂಡ.